ಎಡದಂಡೆ

ಟಿವಿಯಾಗ ನಿನ್ನ ಹೆಸರು ತಪ್ಪು ಬರದಾರ, ಸುಬಲ.
ಬೈರಾಗಿ ಹೋಗಿ ಬರಗಿ ಆಗೇತಿ.
ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಾಗ
ಮಾಲಕನ್ನ ಕಾಡಿ ಬೇಡಿ ಕ್ರಿಕೆಟ್ ತಗಿಸೀನಿ.
ಒಂದು ಪ್ಲೇಟು ಮಿರ್ಚಿ ತೀರೂತನಾ ಅಂತ ಮಾತಾಗೇತಿ.
ಸಣ್ಣಗ ಕಡಕೊಂತ ಕುಂತೀನಿ.

ಎಪ್ಪತ್ತೆಂಟನೇ ನಿಮಿಷಕ್ಕ ನಿನ್ನ ಇಳಿಸಿದರು.
ಮಣಕಾಲಿಗೆ ಕರೀ ಪಟ್ಟಿ.
ಎಡಗಡೆ ಗೆರೆಗುಂಟ ಓಡಿದಿ,
ಕಾಲುವಿ ಏರಿಗುಂಟ ಓಡ್ತಿದ್ದೆಲ್ಲ, ಹಂಗ,
ಒಂದು ಭುಜ ಕೆಳಗ ಮಾಡಿ,
ಹಿಂದಿಂದ ಯಾರೋ ಕರದಂಗ.

ನೀ ಮೂರನೇ ಕ್ಯಾಂಪಿನ ಎಡಗಾಲು,
ನಾ ಜವಳಗೇರಿ ಸೌಡಿ ಮಗ, ಗೋಲಿ.
ಭತ್ತ ಕೊಯ್ದು, ಕಾಲುವಿ ಬಂದಾಗಿ
ನೆಲ ಬಾಯಿ ಬಿಟ್ಟ ಮ್ಯಾಗ ಗದ್ದಿ ನಮ್ಮದು.
ಯೂರಿಯಾ ಚೀಲಕ್ಕ ಹುಲ್ಲು ತುರುಕಿ ಹೊಲದ ಚೆಂಡು,
ನಿಮ್ಮಜ್ಜನ ಮೀನುಬಲಿಯ ಬಿದಿರು ಎರಡು ಕಂಬ.
ಕೂಳಿ ಚುಚ್ಚಿ ರಗತ ಬಂದರ
ನಿಮ್ಮ ಠಾಕುಮಾ ಹುಲ್ಲು ಜಗದು ಹಚ್ಚತಿದ್ದಳು.
ಆಕಿ ದುಬ್ಬೊ ಅಂತಿದ್ದಳು, ನಾ ಗರಿಕಿ ಅಂತಿದ್ದೆ,
ರಗತ ಎರಡಕ್ಕೂ ನಿಲ್ಲತಿತ್ತು.

ಆಕಿನ ಹೇಳಿದ್ದು:
ರಾತ್ರಿ ನದಿ ದಾಟೂ ಮುಂದ ಕೂಸು ಅಳಬಾರದಂತ
ಬಾಯಾಗ ಸೆರಗು ತುರುಕಿದ್ದು. ಆ ಕೂಸು ನಿಮ್ಮಪ್ಪ.
ಆಮ್ಯಾಲ ಮಾನಾದ ತಗಡಿನ ಗುಡಿಸಲು, ರೈಲು,
ರಾಯಚೂರು ಸ್ಟೇಷನ್, ಲಾರಿ.
ಇಳಿಸಿದ ಜಾಗದಾಗ ಬರೇ ಎರಿ ನೆಲ.
ನದಿ ಎಲ್ಲಿ ಅಂತ ಕೇಳಿದಳಂತ.
ಇಂಜಿನಿಯರ ಎಡದಂಡೆ ಕಾಲುವಿ ತೋರಿಸಿದನಂತ.
ಇದು ನದಿ ಅಲ್ಲಪ್ಪ, ಸಾಲಿ ಮಾಸ್ತರನ ಅಡಿಪಟ್ಟಿ,
ಅಂದಳಂತ. ಅಂದಾಕಿ ಅಲ್ಲೇ ಬಿಂದಿಗಿ ತುಂಬಿದಳಂತ.

ತಾಲೂಕು ಕಚೇರಿ ಗುಮಾಸ್ತ ನಿನ್ನ ಅರ್ಜಿ ನೋಡಿ
ಬೈರಾಗಿ? ಯಾವ ಮಠಪಾ, ಅಂತ ನಕ್ಕಿದ್ದ.
ನಾಮಶೂದ್ರ ಅಂದರ
ನಮ್ಮ ಯಾದಿಯಾಗ ಇಲ್ಲ, ಅಂದಿದ್ದ.
ಬೆಂಗಳೂರಿನ ಹಾಸ್ಟೆಲು ಮಾತ್ರ ಕಾಲು ನೋಡಿ ತಗೊಂತು.
ಮೊದಲನೇ ಫೋನಿನಾಗ ನೀ ಅಂದಿ:
ಇಲ್ಲಿ ಖರೇ ಹುಲ್ಲು ಐತಿ ಮಲ್ಲಪ್ಪ,
ಚುಚ್ಚೂದಿಲ್ಲ, ಅದಕ್ಕ ಓಡೂದು ಮರ್ತಂಗಾಗತೈತಿ.

ಹತ್ತೊಂಬತ್ತರ ಒಳಗಿನ ದೇಶದ ತಂಡ, ತಾಷ್ಕೆಂಟ್.
ಪಾಸ್‌ಪೋರ್ಟಿಗೆ ಅಪ್ಪನ ಗಡಿ ಚೀಟಿ ಕೇಳಿದರು.
ಬಿಸ್ಕೀಟಿನ ಡಬ್ಬಿ ತಗದರ
ಗೆದ್ದಲು ಊರ ಹೆಸರು ತಿಂದು
ತಾರೀಖು ಬಿಟ್ಟಿತ್ತು.
ವಿಮಾನ ಹೋತು. ನಿನ್ನ ಅಂಗಿ ಇನ್ನೊಬ್ಬ ಹಾಕ್ಕೊಂಡ,
ಅವನೂ ಪಾಪ ಚಲೋ ಆಡಿದ.
ಆ ಬ್ಯಾಸಿಗಿ ನೀ ಚೆಂಡು ಮುಟ್ಟಲಿಲ್ಲ,
ನನ್ನ ಜೋಡಿ ತೂಬಿನ ಮ್ಯಾಗ ಕುಂತು
ಬತ್ತಿದ ಕಾಲುವಿಗೆ ಹಳ್ಳ ಒಗೀತಿದ್ದಿ.

ಆಮ್ಯಾಲ ಎಷ್ಟು ಅಂಗಿ: ಹಸರು, ನೀಲಿ, ಅಡ್ಡಪಟ್ಟಿ.
ಗೋವಾದಾಗ ನಿನ್ನ ಬಾಂಗ್ಲಾ ಅಂದರು,
ಕೋಲ್ಕತಾದಾಗ ಮದ್ರಾಸಿ,
ನಿನ್ನ ಬಂಗಾಳಿಯಾಗ ‘ಹೌದಲ್ಲೋ’ ನುಸುಳಿ
ಡ್ರೆಸ್ಸಿಂಗ್ ರೂಮು ಬಿದ್ದು ಬಿದ್ದು ನಕ್ಕಿತಂತ.
ಐಜಾಲದಾಗ ಚಳಿ ಅಂತ ಯಾರೂ ಏನೂ ಅನಲಿಲ್ಲ.
ಪಗಾರ ಬಂದಾಗ ತಂಗಿಗೆ ನರ್ಸಿಂಗ್,
ಅಪ್ಪಗ ಹಿತ್ತಲ ಕೊಳ, ರೋಹು ಮರಿ.
ಪಗಾರ ಬರದಾಗ
ಅಲ್ಲಿ ಮಳಿ ಐತೇನು ಅಂತ ಕೇಳ್ತಿದ್ದಿ.
ಎರಡು ಸಲ ಮಣಕಾಲು ಕೊಯ್ಸಿಕೊಂಡಿ.

ಎಂಬತ್ತಾರನೇ ನಿಮಿಷ. ನೀ ಗೆರಿ ತನಕ ಹೋಗಿ
ಎಡಗಾಲಲೆ ಒಳಗ ಹಾಕಿದ ಚೆಂಡು
ಮೂರು ತಲಿ ದಾಟಿ, ಯಾರಿಗೂ ಸಿಗದ
ಆಕಡಿ ಹೊರಗ ಹೋತು.
ಪ್ಲೇಟಿನಾಗ ಬರೇ ಎಣ್ಣಿ.
ಮಾಲಕ ಚಾನೆಲ್ ತಿರುವಿದ. ಗೋಲಾತೇನು? ಅಂದ.
ಇಲ್ಲರಿ ಅಂದೆ.

ರಾತ್ರಿ ನಾ ಗೇಟಿನ ಹಲ್ಲಿಗೆ ಗ್ರೀಸು ಹಚ್ಚೂ ಮುಂದ
ನಿನ್ನ ಫೋನು ಬಂತು.
ಆಟದ ಸುದ್ದಿ ಎತ್ತಲಿಲ್ಲ.
ನೀರು ಬಿಟ್ಟರೇನು, ಕೊನೀ ಹೊಲಕ್ಕ ಮುಟ್ಟೇತೇನು, ಅಂದಿ.
ಬಿಟ್ಟಾರ, ಮುಟ್ಟಿಲ್ಲ, ಅಂದೆ.
ಸುಮ್ಮನಾದಿ. ಕಾಲಿಗೆ ಐಸ್ ಸುರುವೂ ಸಪ್ಪಳ.
ಟಿವಿಯಾಗ ನನ್ನ ಹೆಸರು ಹಾಕಿದ್ದರಾ?
ಹಾಕಿದ್ದರು.
ಸರಿಯಾಗಿ?
ಸರಿಯಾಗೇ ಬರದಿದ್ದರೋ ಮಾರಾಯ, ಅಂದೆ,
ಅಕ್ಷರ ಅಕ್ಷರ ಓದಿ ಹೇಳಿದೆ.